ನೂರರಲ್ಲಿ ಒಂದು: ಮೂಳೆ, ಮಾಂಸದ ಕ್ಯಾನ್ಸರ್ ಬಗ್ಗೆ ಓದುಗರ ಪ್ರಶ್ನೆಗಳು

ಸಾರ್ಕೋಮಾ ಎಂಬ ಕ್ಯಾನ್ಸರ್ ಬಗ್ಗೆ ಮುಂಬಯಿ, ಪುಣೆ, ಗೋವಾದ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಲ ಆಯ್ದುಕೊಂಡಿದ್ದೇವೆ. ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದೆ. ಉತ್ತರಗಳು ತಿಳಿವಳಿಕೆಗಾಗಿ. ನಿಮ್ಮ ರಿಪೋರ್ಟು ನೋಡಿದ ವೈದ್ಯರ ಮಾತಿಗೆ ಇವು ಬದಲಿಯಲ್ಲ.

ನನ್ನ ಅಕ್ಕನ ಮಗನಿಗೆ ತೊಡೆಯಲ್ಲಿ ಗಡ್ಡೆ. ‘ಸಾರ್ಕೋಮಾ, ಬಹಳ ಅಪರೂಪದ್ದು’ ಎಂದರು. ಅಪರೂಪ ಅಂದರೆ ಎಷ್ಟು? ಇಡೀ ದೇಶದಲ್ಲಿ ವರ್ಷಕ್ಕೆ ಎಷ್ಟು ಜನರಿಗೆ ಬರುತ್ತದೆ? ಹುಡುಕಿದಲ್ಲೆಲ್ಲ ಬೇರೆ ಬೇರೆ ಲೆಕ್ಕ ಸಿಗುತ್ತದೆ.
— ಓದುಗರು, ಡೊಂಬಿವಲಿ

ಲೆಕ್ಕ ಬೇರೆ ಬೇರೆ ಆಗುವುದಕ್ಕೆ ಕಾರಣಗಳಿವೆ. ಅವುಗಳಿಗೆ ಮೊದಲು ರೋಗ ಯಾವುದೆಂದು ನೋಡೋಣ. ಬಾಯಿ, ಸ್ತನ, ಗರ್ಭಕಂಠ, ಶ್ವಾಸಕೋಶದ ಕ್ಯಾನ್ಸರುಗಳು ಬಹುಮಟ್ಟಿಗೆ ಅಂಗಗಳ ಒಳಪದರದಲ್ಲೋ ಗ್ರಂಥಿಯಲ್ಲೋ ಹುಟ್ಟುವಂಥವು. ಸಾರ್ಕೋಮಾ ಹಾಗಲ್ಲ. ದೇಹವನ್ನು ಎತ್ತಿ ನಿಲ್ಲಿಸುವ, ಒಂದಕ್ಕೊಂದು ಬೆಸೆಯುವ ಭಾಗಗಳಲ್ಲಿ, ಅಂದರೆ ಮೂಳೆ, ಮೃದ್ವಸ್ಥಿ, ಸ್ನಾಯು, ಕೊಬ್ಬು, ನರದ ಹೊದಿಕೆ, ರಕ್ತನಾಳದ ಗೋಡೆ ಇವುಗಳಲ್ಲಿ ಅದು ಹುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇದರ 70ಕ್ಕೂ ಹೆಚ್ಚು ಬಗೆಗಳಿವೆ. ಮೊದಲೇ ಅಪರೂಪದ ರೋಗ, ಅದೂ ಎಪ್ಪತ್ತು ಪಾಲಾಗಿ ಹಂಚಿಹೋಗಿದೆ.

ದೊಡ್ಡವರಿಗೆ ಬರುವ ಎಲ್ಲ ಕ್ಯಾನ್ಸರುಗಳಲ್ಲಿ ಸಾರ್ಕೋಮಾದ ಪಾಲು ನೂರಕ್ಕೆ ಸುಮಾರು ಒಂದು. ಮಕ್ಕಳಲ್ಲಿ ಮಾತ್ರ ನೂರಕ್ಕೆ ಹತ್ತರಿಂದ ಹದಿನೈದು. ಮಕ್ಕಳಿಗೆ ಕ್ಯಾನ್ಸರ್ ಬರುವುದೇ ಕಡಿಮೆ, ಬಂದರೆ ಅದರಲ್ಲಿ ಇದರ ಪಾಲು ದೊಡ್ಡದು. ದಾಖಲೆ ಚೆನ್ನಾಗಿರುವ ಅಮೆರಿಕದ 2024ರ ಅಂದಾಜಿನಲ್ಲಿ ಒಟ್ಟು ಸುಮಾರು 20 ಲಕ್ಷ ಹೊಸ ಕ್ಯಾನ್ಸರುಗಳಿದ್ದವು. ಮೃದು ಅಂಗಾಂಶದ್ದು (ಸ್ನಾಯು, ಕೊಬ್ಬು, ನರದ ಹೊದಿಕೆಯಂಥವು) 13,590, ಮೂಳೆಯದ್ದು 3,970. ಎರಡೂ ಸೇರಿ ನೂರಕ್ಕೆ ಒಂದಕ್ಕಿಂತ ಕೂದಲೆಳೆ ಕಡಿಮೆ.

ನಮ್ಮ ದೇಶದಲ್ಲಿ 2022ಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂದಾಜಿಸಿದ ಹೊಸ ಕ್ಯಾನ್ಸರುಗಳು 14,61,427. ನೂರಕ್ಕೆ ಒಂದು ಎಂದು ಹಿಡಿದರೆ ಸಾರ್ಕೋಮಾ ವರ್ಷಕ್ಕೆ ಹದಿನಾಲ್ಕು ಹದಿನೈದು ಸಾವಿರ. ಇದು ಒಬ್ಬೊಬ್ಬರನ್ನೇ ಎಣಿಸಿ ತೆಗೆದದ್ದಲ್ಲ, ಪಾಲಿನ ಗುಣಾಕಾರ. ಗಾತ್ರದ ಅರಿವಿಗೆ ಇಟ್ಟುಕೊಳ್ಳಿ. 140 ಕೋಟಿ ಜನಕ್ಕೆ ಹಂಚಿದರೆ ಲಕ್ಷಕ್ಕೆ ಒಬ್ಬರು. ಯೂರೋಪಿನಲ್ಲಿ ಮೃದು ಅಂಗಾಂಶದ ಸಾರ್ಕೋಮಾವೊಂದೇ ಲಕ್ಷ ಜನಕ್ಕೆ ನಾಲ್ಕೈದು ಇದೆ. ಹಾಗಾದರೆ ನಮ್ಮಲ್ಲಿ ನಿಜವಾಗಿಯೂ ಅಷ್ಟು ಕಡಿಮೆಯೆ?

ಸ್ವಲ್ಪ ಮಟ್ಟಿಗೆ ಹೌದು. ಮೃದು ಅಂಗಾಂಶದ ಸಾರ್ಕೋಮಾ ಹೆಚ್ಚಾಗಿ ಐವತ್ತು ಅರುವತ್ತು ದಾಟಿದವರ ಕಾಯಿಲೆ, ನಮ್ಮದು ಕಿರಿಯರ ದೇಶ. ಇನ್ನು ಸ್ವಲ್ಪ ಮಟ್ಟಿಗೆ ಎಣಿಕೆ ತಪ್ಪಿಹೋಗುತ್ತದೆ. ಜನಸಂಖ್ಯೆ ಆಧಾರಿತ ಕ್ಯಾನ್ಸರ್ ನೋಂದಣಿ, ಅಂದರೆ ಒಂದು ಪ್ರದೇಶದಲ್ಲಿ ನೆಲೆಸಿದವರಲ್ಲಿ ಎಷ್ಟು ಜನರಿಗೆ ಕ್ಯಾನ್ಸರ್ ಬಂತೆಂದು ದಾಖಲಿಸುವ ವ್ಯವಸ್ಥೆ, ನಮ್ಮಲ್ಲಿ ಮೊದಲು ಶುರುವಾದದ್ದು ಮುಂಬಯಿಯಲ್ಲಿ, 1963ರಲ್ಲಿ, ಇಂಡಿಯನ್ ಕ್ಯಾನ್ಸರ್ ಸೊಸೈಟಿಯಿಂದ. ರಾಷ್ಟ್ರೀಯ ನೋಂದಣಿ ಕಾರ್ಯಕ್ರಮ 1982ರಿಂದ ಬೆಂಗಳೂರು, ಮುಂಬಯಿ, ಚೆನ್ನೈಗಳಲ್ಲಿ ಲೆಕ್ಕ ಹಿಡಿಯತೊಡಗಿತು. 2020ರಲ್ಲಿ ಹೊರಬಂದ ವರದಿಯ ಹೊತ್ತಿಗೆ ಇಂಥ ನೋಂದಣಿಗಳು 28 ಆಗಿದ್ದವು. ಅವುಗಳ ವ್ಯಾಪ್ತಿಗೆ ಬರುತ್ತಿದ್ದವರು ದೇಶದ ಜನರಲ್ಲಿ ಹತ್ತಕ್ಕೆ ಒಬ್ಬರು. ಉಳಿದ ಒಂಬತ್ತು ಪಾಲಿನ ಸಂಖ್ಯೆಯನ್ನು ಆ ಒಂದು ಪಾಲಿನಿಂದಲೇ ಊಹಿಸಬೇಕು. ಬಾಯಿಯ ಕ್ಯಾನ್ಸರಿನಂಥ ದೊಡ್ಡ ಸಂಖ್ಯೆಯಲ್ಲಿ ಆ ಊಹೆ ನಿಲ್ಲುತ್ತದೆ. ಒಂದು ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತು ಹದಿನೈದು ಮಾತ್ರ ಕಾಣುವ ರೋಗದಲ್ಲಿ ಎರಡು ಹೆಚ್ಚು ಎರಡು ಕಡಿಮೆಯಾದರೂ ಲೆಕ್ಕ ಅಲುಗಾಡುತ್ತದೆ.

ಮತ್ತೊಂದು ಕಾರಣ ಯಾರ ಗಮನಕ್ಕೂ ಬರುವುದಿಲ್ಲ, ನಮ್ಮ ಮಟ್ಟಿಗೆ ಅದೇ ದೊಡ್ಡದು. ನೋಂದಣಿಯ ಪಟ್ಟಿಗಳು ಕ್ಯಾನ್ಸರನ್ನು ಎಣಿಸುವುದು ಅದು ಕಾಣಿಸಿಕೊಂಡ ಅಂಗದ ಲೆಕ್ಕದಲ್ಲಿ. ಮೂಳೆ, ಮೃದ್ವಸ್ಥಿಗೆ ಸಿ40, ಸಿ41 ಎಂಬ ಸಂಕೇತ. ನರ ಮತ್ತು ಮೃದು ಅಂಗಾಂಶಕ್ಕೆ ಸಿ47, ಸಿ49. ಗರ್ಭಕೋಶದ ಸ್ನಾಯುವಿನಲ್ಲಿ ಹುಟ್ಟಿದ ಸಾರ್ಕೋಮಾ ‘ಗರ್ಭಕೋಶ’ದ ಸಾಲಿಗೆ ಹೋಗುತ್ತದೆ. ಜಠರದ ಗೋಡೆಯಲ್ಲಿ ಹುಟ್ಟುವ ಜಿಐಎಸ್‌ಟಿ ಎಂಬ ಗಡ್ಡೆ ‘ಜಠರ’ದ ಸಾಲಿಗೆ. ಸ್ತನದ್ದು ‘ಸ್ತನ’ಕ್ಕೆ. ಹೀಗೆ ಬೇರೆ ಮನೆಯಲ್ಲಿ ಕೂತ ಸಾರ್ಕೋಮಾಗಳನ್ನು ಸೂಕ್ಷ್ಮದರ್ಶಕದ ವರದಿಯ ಆಧಾರದಲ್ಲಿ ಮತ್ತೆ ಹೆಕ್ಕಿದರಷ್ಟೇ ಪೂರ್ತಿ ಸಂಖ್ಯೆ ಸಿಗುವುದು. ಜಗತ್ತಿನ ಅಂದಾಜುಗಳನ್ನು ಕೊಡುವ ಗ್ಲೋಬೊಕ್ಯಾನ್ ಪಟ್ಟಿಯಲ್ಲಂತೂ ಮೂಳೆಗಾಗಲಿ ಮೃದು ಅಂಗಾಂಶಕ್ಕಾಗಲಿ ಪ್ರತ್ಯೇಕ ಸಾಲೇ ಇಲ್ಲ. ಆದ್ದರಿಂದ ನೀವು ಓದಿದ ಸಂಖ್ಯೆಗಳಲ್ಲಿ ಯಾವುದು ಅಂಗದ ಲೆಕ್ಕ, ಯಾವುದು ಅಂಗಾಂಶದ ಲೆಕ್ಕ ಎಂದು ನೋಡಿ. ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಒಂದೇ ಬಗೆಯನ್ನು ತೆಗೆದುಕೊಂಡರೆ ಅಪರೂಪ ಎಂಬುದರ ಅರ್ಥ ಇನ್ನೂ ಸ್ಪಷ್ಟ. ಮಕ್ಕಳ ಮೂಳೆಗೆ ಬರುವ ಆಸ್ಟಿಯೋಸಾರ್ಕೋಮಾ ವರ್ಷಕ್ಕೆ ಹತ್ತು ಲಕ್ಷ ಜನಕ್ಕೆ ಎರಡು ಮೂರು. 2011ರ ಜನಗಣತಿಯಲ್ಲಿ ಬೃಹನ್ಮುಂಬಯಿಯ ಜನ ಸುಮಾರು 1 ಕೋಟಿ 24 ಲಕ್ಷ. ಅಂದರೆ ಅಷ್ಟು ದೊಡ್ಡ ನಗರದಲ್ಲಿ ವರ್ಷಕ್ಕೆ ಇಪ್ಪತ್ತೈದರಿಂದ ನಲವತ್ತರೊಳಗೆ. ನಿಮ್ಮ ಗಲ್ಲಿಯ ಡಾಕ್ಟರು ಮೂವತ್ತು ವರ್ಷ ದವಾಖಾನೆ ನಡೆಸಿದರೂ ಒಂದನ್ನು ನೋಡಿದರೆ ಹೆಚ್ಚು, ನೋಡದೆಯೂ ಇರಬಹುದು. ಅವರಿಗೆ ಅನುಮಾನ ಬರಲಿಲ್ಲ ಎಂದು ಬೈದು ಫಲವಿಲ್ಲ. ದಿನಕ್ಕೆ ಹತ್ತು ಮಂಡಿನೋವು ನೋಡುವವರಿಗೆ ಹನ್ನೊಂದನೆಯದು ಬೇರೆ ಎಂದು ಹೊಳೆಯಬೇಕಾದರೆ ಲಕ್ಷಣಗಳನ್ನು ಮನೆಯವರೂ ಸರಿಯಾಗಿ ಹೇಳಬೇಕು. ಮುಂದಿನ ಉತ್ತರಗಳಲ್ಲಿ ಅದನ್ನೇ ವಿವರಿಸಿದ್ದೇವೆ.

ಪರೇಲಿನ ಟಾಟಾ ಆಸ್ಪತ್ರೆಗೆ ಭಾವನನ್ನು ಕರೆದುಕೊಂಡು ಹೋಗಿದ್ದೆವು. ಮೂಳೆ ಕ್ಯಾನ್ಸರಿನವರದ್ದೇ ಉದ್ದ ಸಾಲು. ಇದನ್ನು ಅಪರೂಪ ಎಂದು ಹೇಗೆ ನಂಬುವುದು? ಈಚೆಗೆ ಹೆಚ್ಚಾಗುತ್ತಿದೆಯೆ?
— ಓದುಗರು, ಚಿಂಚವಾಡ

ಆ ಸಾಲು ಮುಂಬಯಿಯದ್ದಷ್ಟೇ ಅಲ್ಲ, ಅರ್ಧ ದೇಶದ್ದು. ಅಸ್ಸಾಮಿನವರು, ಬಿಹಾರದವರು, ನಮ್ಮ ವಿಜಯಪುರ, ಕಲಬುರಗಿಯವರು ಎಲ್ಲರೂ ಅಲ್ಲಿದ್ದಾರೆ. ಆಸ್ಪತ್ರೆಯ ನೋಂದಣಿ ಹೇಳುವುದು ಅಲ್ಲಿಗೆ ಯಾರು ಬಂದರು ಎಂಬುದನ್ನು. ಊರಿನ ನೋಂದಣಿ ಹೇಳುವುದು ಅಲ್ಲಿ ನೆಲೆಸಿದವರಲ್ಲಿ ಎಷ್ಟು ಜನರಿಗೆ ಬಂತು ಎಂಬುದನ್ನು. ಆಸ್ಪತ್ರೆಯ ಶೇಕಡಾವಾರು ಪಾಲನ್ನು ದೇಶದ ಲೆಕ್ಕವೆಂದು ಓದಬೇಡಿ. ಕಷ್ಟದ ರೋಗಗಳು ದೊಡ್ಡ ಆಸ್ಪತ್ರೆಗೆ ಹರಿದು ಬರುವುದರಿಂದ ಅಲ್ಲಿ ಅದು ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ಹೆಚ್ಚಾದಂತೆ ತೋರುವುದಕ್ಕೆ ಜನಸಂಖ್ಯೆ, ಆಯುಸ್ಸು ಏರಿದ್ದೂ ಎಂಆರ್‌ಐ ಕೈಗೆಟುಕಿದ್ದೂ ಮುಖ್ಯ ಕಾರಣ.

ಇಲ್ಲಿ ನಮ್ಮ ಜನರಿಗೆ ಒಂದು ವಿನಂತಿ ಇದೆ. ಊರಿನ ನೋಂದಣಿಗೆ ಸೇರಬೇಕಾದರೆ ರೋಗಿ ಆ ಪ್ರದೇಶದಲ್ಲಿ ಕನಿಷ್ಠ ಒಂದು ವರ್ಷ ವಾಸವಾಗಿರಬೇಕು ಎಂಬುದು ನಿಯಮ. ಚಿಕಿತ್ಸೆಗೆಂದು ಬಂದು ಧರ್ಮಶಾಲೆಯಲ್ಲಿ ಇಳಿದವರು ಮುಂಬಯಿ ಲೆಕ್ಕಕ್ಕೆ ಬರುವುದಿಲ್ಲ, ಅದು ಸರಿಯೇ. ಆದರೆ ಇಪ್ಪತ್ತು ವರ್ಷದಿಂದ ಪಿಂಪ್ರಿಯಲ್ಲೋ ವಾಸ್ಕೊದಲ್ಲೋ ಇರುವವರು ಆಧಾರಿನಲ್ಲಿರುವ ಇಂಡಿ, ಸಿಂದಗಿ, ಹುನಗುಂದದ ವಿಳಾಸವನ್ನೇ ಬರೆಸುತ್ತಾರೆ. ಆಗ ಇಲ್ಲಿಯ ಲೆಕ್ಕದಿಂದ ಅವರು ಬಿಟ್ಟುಹೋಗುತ್ತಾರೆ, ಅಲ್ಲಿ ನೋಂದಣಿ ಇಲ್ಲದಿದ್ದರೆ ಎಲ್ಲಿಯೂ ಸೇರುವುದಿಲ್ಲ. ಕೇಸ್‌ಪೇಪರ್ ಮಾಡಿಸುವಾಗ ಈಗಿರುವ ವಿಳಾಸ, ಎಷ್ಟು ವರ್ಷದಿಂದ ಇದ್ದೀರಿ, ಊರಿನ ವಿಳಾಸ ಮೂರನ್ನೂ ಹೇಳಿ ಬರೆಸಿ. ಅಪರೂಪದ ರೋಗದಲ್ಲಿ ಒಬ್ಬೊಬ್ಬರ ಎಣಿಕೆಗೂ ಬೆಲೆಯಿದೆ. ಎಲ್ಲಿ ಎಷ್ಟು ಹಾಸಿಗೆ, ಎಷ್ಟು ತಜ್ಞರು ಬೇಕೆಂದು ಯೋಜಿಸುವವರು ನೋಡುವುದು ಇದೇ ಪಟ್ಟಿಯನ್ನು.

ನಮ್ಮ ಅಣ್ಣನ ಮಗ, ಹದಿನಾಲ್ಕು ವರ್ಷ. ಎರಡು ತಿಂಗಳಾತ್ರಿ, ಮೊಣಕಾಲ ಮ್ಯಾಲ ನೋವು ಅಂತಾನ. ಕ್ರಿಕೆಟ್ ಆಡೂಮುಂದ ಬಿದ್ದಿದ್ದ. ಊರಿಗೆ ಕರಕೊಂಡ ಹೋಗಿ ಎಣ್ಣಿ ಹಚ್ಚಿ ತಿಕ್ಕಿಸಿದ್ವಿ, ಪಟ್ಟಿ ಕಟ್ಟಿಸಿದ್ವಿ. ಕಡಿಮಿ ಆಗವಲ್ದು, ರಾತ್ರಿ ಎದ್ದು ಅಳತಾನ. ಏನ ಮಾಡೂದು?
— ಓದುಗರು, ಜುವಾರಿನಗರ, ಗೋವಾ

ಈ ಸಂಚಿಕೆ ಕೈಗೆ ಬಂದ ದಿನವೇ ಹುಡುಗನಿಗೆ ಎಕ್ಸ್‌-ರೇ ತೆಗೆಸಿ. ಕ್ಯಾನ್ಸರ್ ಎಂದು ನಾವು ಹೇಳುತ್ತಿಲ್ಲ, ಹೆಚ್ಚಿನ ಮಕ್ಕಳಲ್ಲಿ ಕಾರಣ ಬೇರೆಯೇ ಇರುತ್ತದೆ. ಆದರೆ ನೀವು ಬರೆದದ್ದರಲ್ಲಿ ಮೂರು ಸಂಗತಿ ಒಟ್ಟಿಗೆ ಇವೆ. ವಯಸ್ಸು ಹದಿನಾಲ್ಕು, ಜಾಗ ಮಂಡಿಯ ಹತ್ತಿರ, ನೋವು ರಾತ್ರಿ ಎಬ್ಬಿಸುವಂಥದ್ದು. ಆಸ್ಟಿಯೋಸಾರ್ಕೋಮಾ ಹೆಚ್ಚಾಗಿ ಬರುವುದು ಎತ್ತರ ಭರದಿಂದ ಬೆಳೆಯುವ ವಯಸ್ಸಿನಲ್ಲಿ, ಮೂಳೆ ಜೋರಾಗಿ ಬೆಳೆಯುವ ಜಾಗದಲ್ಲಿ. ಮೊದಲ ಸ್ಥಾನ ತೊಡೆಮೂಳೆಯ ಕೆಳತುದಿ, ಆಮೇಲೆ ಮೊಣಕಾಲ ಕೆಳಗಿನ ಮೂಳೆಯ ಮೇಲ್ತುದಿ, ಆಮೇಲೆ ಭುಜದ ಹತ್ತಿರ.

ಮಕ್ಕಳಿಗೆ ಬರುವ ‘ಬೆಳವಣಿಗೆ ನೋವು’ ಹೀಗಿರುವುದಿಲ್ಲ. ಅದು ಎರಡೂ ಕಾಲಿಗೆ ಬರುತ್ತದೆ, ಸಂಜೆ ಬಂದು ಬೆಳಗ್ಗೆ ಹೋಗುತ್ತದೆ, ಹುಡುಗ ಕುಂಟುವುದಿಲ್ಲ, ಊತ ಇರುವುದಿಲ್ಲ. ಒಂದೇ ಜಾಗದಲ್ಲಿ ವಾರದಿಂದ ವಾರಕ್ಕೆ ಏರುವ ನೋವು, ವಿಶ್ರಾಂತಿಯಲ್ಲೂ ಇರುವ ನೋವು, ಜತೆಗೆ ಊತ ಅಥವಾ ಕುಂಟು ಇದ್ದರೆ ಕಾಯಬಾರದು. ಬಿದ್ದದ್ದರಿಂದ ಈ ರೋಗ ಬರುವುದಿಲ್ಲ. ಬಿದ್ದಾಗ ಅಲ್ಲಿ ಮೊದಲೇ ಇದ್ದದ್ದು ಕಣ್ಣಿಗೆ ಬೀಳುತ್ತದೆ ಅಷ್ಟೆ. ಬಿದ್ದ ಪೆಟ್ಟಾದರೆ ದಿನ ಕಳೆದಂತೆ ಇಳಿಯಬೇಕು. ಎರಡು ಮೂರು ವಾರದಲ್ಲಿ ಇಳಿಯದ ಪೆಟ್ಟನ್ನು ಪೆಟ್ಟು ಎಂದುಕೊಳ್ಳಬೇಡಿ.

ತಿಕ್ಕಿಸುವುದನ್ನು ಇವತ್ತೇ ನಿಲ್ಲಿಸಿ. ಗಡ್ಡೆ ಇರುವ ಮೂಳೆ ಒಳಗೆ ಟೊಳ್ಳಾಗಿರಬಹುದು, ಒತ್ತಿದರೆ, ಎಳೆದರೆ ಮುರಿಯಬಹುದು. ಮುರಿದ ಜಾಗದ ರಕ್ತ ಸುತ್ತಲಿನ ಸ್ನಾಯುವಿಗೆ ಹರಡಿದರೆ ಕಾಲು ಉಳಿಸುವ ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ. ಬಿಸಿ ಪಟ್ಟಿ, ಸೊಪ್ಪಿನ ಕಟ್ಟು ಕೂಡ ಬೇಡ, ಚರ್ಮ ಸುಟ್ಟು ಹುಣ್ಣಾದರೆ ಮುಂದಿನ ಚಿಕಿತ್ಸೆ ತಡವಾಗುತ್ತದೆ. ವರದಿ ಬರುವವರೆಗೆ ಆಟ ಬೇಡ, ಆ ಕಾಲಿನ ಮೇಲೆ ಭಾರ ಬೇಡ, ಊರುಗೋಲು ಕೊಡಿ.

ಎಕ್ಸ್‌-ರೇ ಎದುರಿನಿಂದ ಒಂದು, ಪಕ್ಕದಿಂದ ಒಂದು ಬೇಕು. ಕೀಲು ಪೂರ್ತಿ ಕಾಣಬೇಕು. ಮೂಳೆಯ ಹೊರಪೊರೆ ಎದ್ದು ನಿಂತದ್ದು, ಸೂರ್ಯನ ಕಿರಣದಂತೆ ಹೊಸ ಮೂಳೆಯ ಗೆರೆಗಳು, ಮೂಳೆ ಕರಗಿದ ಜಾಗ ಇವು ಕಂಡರೆ ಮುಂದಿನ ಹೆಜ್ಜೆ ಎಂಆರ್‌ಐ. ‘ಮಂಡಿಯ ಎಂಆರ್‌ಐ’ ಸಾಲದು. ತೊಡೆಮೂಳೆಯಾದರೆ ಸೊಂಟದ ಕೀಲಿನಿಂದ ಮಂಡಿಯವರೆಗೆ ಇಡೀ ಮೂಳೆ ಬೇಕು. ಅದೇ ಮೂಳೆಯಲ್ಲಿ ದೂರದಲ್ಲಿ ಇನ್ನೊಂದು ಚುಕ್ಕೆ ಇರಬಹುದು, ಅರ್ಧ ಚಿತ್ರದಲ್ಲಿ ಅದು ತಪ್ಪಿಹೋಗುತ್ತದೆ. ಚೀಟಿಯಲ್ಲಿ ಹಾಗೆ ಬರೆಸಿಕೊಳ್ಳಿ. ಮೊದಲ ಎಕ್ಸ್‌-ರೇ ಸರಿಯಿದ್ದೂ ನೋವು ಮುಂದುವರಿದರೆ ಮತ್ತೆ ತೆಗೆಸಿ, ಇಲ್ಲವೇ ಎಂಆರ್‌ಐ ಕೇಳಿ. ರಕ್ತಪರೀಕ್ಷೆ ಸರಿಯಿದೆ ಎಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗಬೇಡಿ.

ಒಂದು ಎಚ್ಚರಿಕೆ. ಯೂಯಿಂಗ್ ಸಾರ್ಕೋಮಾ ಎಂಬ ಇನ್ನೊಂದು ಬಗೆ ಜ್ವರ, ಊತ, ಬಿಸಿ ಇಟ್ಟುಕೊಂಡು ಬರುತ್ತದೆ, ಮೂಳೆಯ ಕೀವಿನಂತೆ, ಕೆಲವೊಮ್ಮೆ ಕ್ಷಯದಂತೆ ಕಾಣುತ್ತದೆ. ಮಾದರಿ ತೆಗೆಯದೆ ತಿಂಗಳುಗಟ್ಟಲೆ ಆಂಟಿಬಯೋಟಿಕ್ ಅಥವಾ ಕ್ಷಯದ ಗುಳಿಗೆ ಕೊಟ್ಟು ನೋಡುವುದು ನಮ್ಮ ದೇಶದಲ್ಲಿ ಸಮಯ ಕಳೆದುಹೋಗುವ ದೊಡ್ಡ ದಾರಿ. ಗೋವಾದಲ್ಲಿ ನಿಮಗೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಹತ್ತಿರ. ಮೊದಲು ಅಲ್ಲಿಯ ಮೂಳೆ ವಿಭಾಗಕ್ಕೆ ಹೋಗಿ.

ನಮ್ಮೆಜಮಾನರು ಹೋಟೆಲ್ ಕೆಲಸದವರು. ಬೆನ್ನ ಮೇಲೆ ಹತ್ತು ವರ್ಷದಿಂದ ಮೆತ್ತನೆಯ ಗಂಟು. ನೋವಿಲ್ಲ. ಕ್ಯಾನ್ಸರ್ ಇರಬಹುದೆ?
— ಓದುಗರು, ಘಾಟ್ಕೋಪರ್

ಹತ್ತು ವರ್ಷ ಒಂದೇ ಗಾತ್ರದಲ್ಲಿದ್ದು, ಚರ್ಮದ ಕೆಳಗೇ ಬೆರಳಿಗೆ ಜಾರುವಂತಿದ್ದರೆ ಅದು ಕೊಬ್ಬಿನ ಗಂಟೇ ಇರಬೇಕು. ಸಾರ್ಕೋಮಾ ಒಂದು ಇದ್ದರೆ ಇಂಥ ನಿರಪಾಯದ ಗಂಟುಗಳು ನೂರಕ್ಕೂ ಹೆಚ್ಚು. ಅನುಮಾನ ಪಡಬೇಕಾದದ್ದು ಯಾವಾಗ? ಗಂಟು 5 ಸೆಂಟಿಮೀಟರ್ ದಾಟಿದಾಗ, ಅಂದರೆ ದೊಡ್ಡ ನಿಂಬೆಹಣ್ಣಿಗಿಂತ ಹೆಚ್ಚಾದಾಗ. ಬೆಳೆಯುತ್ತಿರುವಾಗ. ಆಳದಲ್ಲಿರುವಾಗ: ಆ ಭಾಗದ ಸ್ನಾಯುವನ್ನು ಬಿಗಿ ಹಿಡಿದರೆ ಗಂಟು ಅಲುಗಾಡದೆ ಕಚ್ಚಿಕೊಂಡಂತಾಗುತ್ತದೆ. ಒಮ್ಮೆ ತೆಗೆಸಿದ್ದು ಅದೇ ಜಾಗದಲ್ಲಿ ಮತ್ತೆ ಬಂದಾಗ. ನೋವಿಲ್ಲ ಎಂಬುದು ಸಮಾಧಾನದ ಮಾತಲ್ಲ, ಮೃದು ಅಂಗಾಂಶದ ಸಾರ್ಕೋಮಾ ಬಹಳ ಕಾಲ ನೋವು ಕೊಡುವುದೇ ಇಲ್ಲ. ಈಗ ಒಂದು ಅಲ್ಟ್ರಾಸೌಂಡ್ ಮಾಡಿಸಿ, ಗಾತ್ರ ಬರೆದಿಟ್ಟುಕೊಳ್ಳಿ. ಮುಂದೆ ಹೋಲಿಸಲು ಅದೇ ಅಳತೆಗೋಲು.

ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎನ್ನುತ್ತಾರೆ. ಬಯಾಪ್ಸಿ ಬೇಡವೆಂದು ಅತ್ತೆ ಹಟ ಹಿಡಿದಿದ್ದಾರೆ.
— ಓದುಗರು, ಮಾಟುಂಗಾ

ಸರಿಯಾಗಿ ಹಾಕಿದ ಸೂಜಿಯಿಂದ ಭಯವಿಲ್ಲ. ಎಲ್ಲೆಂದರಲ್ಲಿ ಕೊಯ್ದದ್ದರಿಂದ ಭಯವಿದೆ. ಅತ್ತೆಯವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿ.

ಸೂಜಿ ಹೋದ ದಾರಿಯಲ್ಲಿ ಗಡ್ಡೆಯ ಕೋಶಗಳು ಅಂಟಿರಬಹುದು ಎಂದೇ ವೈದ್ಯರೂ ಹಿಡಿಯುತ್ತಾರೆ. ಆದ್ದರಿಂದ ಮುಂದೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡುವಾಗ ಆ ದಾರಿಯನ್ನೂ ಗಡ್ಡೆಯ ಜತೆಗೇ ಕೊಯ್ದು ತೆಗೆಯುವಂತೆ ಸೂಜಿಯ ಜಾಗವನ್ನು ಮೊದಲೇ ಆರಿಸಬೇಕು. ಕೈಕಾಲಿನಲ್ಲಾದರೆ ಅದು ಉದ್ದುದ್ದ ಗೆರೆಯ ಮೇಲೆ, ಮುಂದಿನ ಕೊಯ್ತದ ಸಾಲಿನಲ್ಲೇ ಇರಬೇಕು, ಅಡ್ಡಕ್ಕೆ ಕೂಡದು. ದೊಡ್ಡ ನರ, ರಕ್ತನಾಳ, ಕೀಲಿನ ಒಳಗನ್ನು ಮುಟ್ಟಬಾರದು. ಮುಂದೆ ಶಸ್ತ್ರಚಿಕಿತ್ಸೆ ಮಾಡುವವರೇ ಮಾಡಬೇಕು, ಇಲ್ಲವೆ ಅವರು ತೋರಿದ ಜಾಗದಲ್ಲಿ ರೇಡಿಯಾಲಜಿಯವರು ಮಾಡಬೇಕು. ಎಂಆರ್‌ಐ ಮೊದಲು, ಬಯಾಪ್ಸಿ ಆಮೇಲೆ. ತಿರುಗುಮುರುಗಾದರೆ ಸೂಜಿಯಿಂದಾದ ರಕ್ತಸ್ರಾವ ಚಿತ್ರವನ್ನು ಮಬ್ಬು ಮಾಡುತ್ತದೆ.

ಸಣ್ಣ ಸೂಜಿಯಲ್ಲಿ ಹೀರಿ ತೆಗೆಯುವ ಎಫ್‌ಎನ್‌ಎಸಿ ಇದಕ್ಕೆ ಸಾಲುವುದಿಲ್ಲ. ಕೋಶಗಳು ಸಿಗುತ್ತವೆ, ಅವು ಜೋಡಿಸಿಕೊಂಡ ರೀತಿ ಸಿಗುವುದಿಲ್ಲ. ಎಪ್ಪತ್ತರಲ್ಲಿ ಯಾವ ಬಗೆ, ಎಷ್ಟು ಉಗ್ರ ಎಂದು ಹೇಳಲು ಕೋರ್ ಬಯಾಪ್ಸಿ ಬೇಕು: ದಪ್ಪ ಸೂಜಿಯಿಂದ ತೆಗೆದ ಹಲವು ಎಳೆಗಳು. ಅದರಲ್ಲೊಂದು ಪಾಲನ್ನು ಸೋಂಕು, ಕ್ಷಯದ ಪರೀಕ್ಷೆಗೂ ಕಳಿಸುವುದು ಒಳ್ಳೆಯದು. ಉಳಿದದ್ದು ಶೇ 10ರ ಫಾರ್ಮಲಿನ್‌ನಲ್ಲಿ ಹೋಗಬೇಕು, ಅಂಗಾಂಶದ ಗಾತ್ರಕ್ಕಿಂತ ಹತ್ತು ಪಟ್ಟಾದರೂ ದ್ರಾವಣ ಇರಬೇಕು. ಡಬ್ಬಿಯನ್ನು ಮನೆಯವರ ಕೈಗೆ ಕೊಟ್ಟು ಲ್ಯಾಬಿಗೆ ಕಳಿಸುವ ರೂಢಿ ಮುಂಬಯಿಯಲ್ಲೂ ಇದೆ. ಹಾಗಾದರೆ ಹೆಸರು, ಬಲವೋ ಎಡವೋ, ತೆಗೆದ ದಿನ ಬರೆದಿದೆಯೇ ನೋಡಿ, ಅದೇ ದಿನ ತಲುಪಿಸಿ. ಸಲೈನ್‌ನಲ್ಲಿ ಹಾಕಿಟ್ಟ ಚೂರು ಕೊಳೆತು ಕೆಡುತ್ತದೆ. ಮತ್ತೆ ಸೂಜಿ ಹಾಕಿಸಿಕೊಳ್ಳಬೇಕಾದವರು ನೀವೇ.

ತಂಗಿಯ ಗಂಡನ ತೋಳಿನ ಗಂಟನ್ನು ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಕೊಬ್ಬಿನ ಗಂಟೆಂದು ತೆಗೆದರು. ಹದಿನೈದು ದಿನಕ್ಕೆ ರಿಪೋರ್ಟ್ ಬಂತು: ಸಾರ್ಕೋಮಾ. ‘ಪೂರ್ತಿ ತೆಗೆದಿದ್ದೇವೆ, ಚಿಂತೆ ಬೇಡ’ ಎನ್ನುತ್ತಾರೆ. ನಂಬಬಹುದೆ?
— ಓದುಗರು, ಠಾಣೆ

ತಡಮಾಡದೆ ಸಾರ್ಕೋಮಾ ತಜ್ಞರಿಗೆ ತೋರಿಸಿ. ಕಣ್ಣಿಗೆ ಪೂರ್ತಿ ಬಂದಂತೆ ಕಂಡರೂ ಪೂರ್ತಿ ಬಂದಿರಬೇಕೆಂದಿಲ್ಲ. ಸಾರ್ಕೋಮಾ ಬೆಳೆಯುವಾಗ ಸುತ್ತಲಿನ ಅಂಗಾಂಶವನ್ನು ಒತ್ತಿ ಸಿಪ್ಪೆಯಂಥ ಹೊದಿಕೆ ಮಾಡಿಕೊಳ್ಳುತ್ತದೆ. ಶಸ್ತ್ರಚಿಕಿತ್ಸಕರ ಬೆರಳಿಗೆ ಆ ಸಿಪ್ಪೆ ಸಲೀಸಾಗಿ ಬಿಡಿಸಿಕೊಳ್ಳುತ್ತದೆ, ಹಲಸಿನ ತೊಳೆ ಬಿಡಿಸಿದಂತೆ. ಆದರೆ ಸಿಪ್ಪೆಯಲ್ಲೂ ಅದರ ಹೊರಗೂ ಕ್ಯಾನ್ಸರ್ ಕೋಶಗಳಿರಬಹುದು. ಹೀಗೆ ಮುಂಚಿತ ಪರೀಕ್ಷೆಯಿಲ್ಲದೆ ತೆಗೆದವರಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ ಮಾಡಿ ನೋಡಿದಾಗ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಗಡ್ಡೆ ಉಳಿದಿರುತ್ತದೆ. ಇದು ಜಗತ್ತಿನಲ್ಲೆಲ್ಲ ಆಗುವ ತಪ್ಪು. ರೋಗ ಅಪರೂಪವಾದ್ದರಿಂದಲೇ ಆಗುವ ತಪ್ಪು ಕೂಡ: ನೂರು ಗಂಟು ತೆಗೆದ ಕೈಗೆ ನೂರೊಂದನೆಯದೂ ಹಾಗೇ ಕಾಣುತ್ತದೆ.

ಜಗಳಕ್ಕೆ ಹೋಗಿ ದಾಖಲೆ ಸಿಗದಂತೆ ಮಾಡಿಕೊಳ್ಳಬೇಡಿ. ಈಗ ನಿಮಗೆ ಬೇಕಾದದ್ದು ಆ ನರ್ಸಿಂಗ್ ಹೋಮಿನ ಸಹಕಾರ. ಅಲ್ಲಿಂದ ಆಪರೇಶನ್ ಟಿಪ್ಪಣಿಯ ಪ್ರತಿ ತೆಗೆದುಕೊಳ್ಳಿ: ಗಂಟು ಸ್ನಾಯುವಿನ ಪೊರೆಯ ಮೇಲಿತ್ತೋ ಕೆಳಗಿತ್ತೋ, ಒಂದೇ ತುಂಡಾಗಿ ಬಂತೋ ಚೂರಾಗಿಯೋ, ಡ್ರೇನ್ ನಳಿಗೆ ಎಲ್ಲಿಂದ ಹೊರಬಂದಿತ್ತು ಎಂಬುದು ಅದರಲ್ಲಿರಬೇಕು. ನಳಿಗೆಯ ತೂತು ಗಾಯದಿಂದ ದೂರವಿದ್ದರೆ ಆ ದೂರವನ್ನೂ ಮುಂದೆ ಕೊಯ್ಯಬೇಕಾಗುತ್ತದೆ. ಲ್ಯಾಬಿನಿಂದ ಎಲ್ಲ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಬರೆದುಕೊಟ್ಟು ಪಡೆಯಿರಿ, ಬ್ಲಾಕಿನ ಸಂಖ್ಯೆ ರಿಪೋರ್ಟಿಗೆ ತಾಳೆಯಾಗುತ್ತದೆಯೇ ನೋಡಿ. ಇಂಥ ವರದಿಯನ್ನು ಸಾರ್ಕೋಮಾ ನೋಡುವ ಪೆಥಾಲಜಿಸ್ಟ್ ಮತ್ತೊಮ್ಮೆ ಓದಲೇಬೇಕು, ಬಗೆಯೇ ಬದಲಾಗುವ ಸಂದರ್ಭಗಳು ಕಡಿಮೆಯಲ್ಲ. ಮೇಣದ ಬ್ಲಾಕನ್ನು ಬಿಸಿಲಿನ ಕಾರಿನಲ್ಲಿ ಬಿಡಬೇಡಿ, ಕರಗುತ್ತದೆ. ಹಳೆಯ ಅಲ್ಟ್ರಾಸೌಂಡ್ ಚಿತ್ರ, ಗಂಟಿದ್ದಾಗಿನ ಮೊಬೈಲ್ ಫೋಟೋ ಇದ್ದರೂ ಕೊಡಿ, ಮೂಲ ಗಾತ್ರ ತಿಳಿಯಲು ಅದೂ ನೆರವು.

ಮುಂದೆ ಆ ಭಾಗದ ಎಂಆರ್‌ಐ, ಎದೆಯ ಸಿಟಿ ಸ್ಕ್ಯಾನ್ ಆಗುತ್ತವೆ. ಸಾರ್ಕೋಮಾ ಹರಡಿದರೆ ಹೆಚ್ಚಾಗಿ ಹೋಗುವುದು ಶ್ವಾಸಕೋಶಕ್ಕೆ. ಆಮೇಲೆ ಹಳೆಯ ಗಾಯದ ಸಮೇತ ವಿಸ್ತಾರವಾಗಿ ತೆಗೆಯುವುದು, ರೇಡಿಯೇಶನ್ ಕೊಡುವುದು. ಶಸ್ತ್ರಚಿಕಿತ್ಸೆಗೆ ಮುಂಚೆಯಾದರೆ ಸಾಮಾನ್ಯವಾಗಿ 50 ಗ್ರೇ (ರೇಡಿಯೇಶನ್ ಅಳೆಯುವ ಮಾನ), 25 ದಿನಗಳ ಕಂತಿನಲ್ಲಿ. ನಂತರವಾದರೆ 60ರಿಂದ 66 ಗ್ರೇ. ಮೊದಲು ಕೊಟ್ಟರೆ ಗಾಯ ಮಾಯಲು ತೊಂದರೆ ಹೆಚ್ಚು. ಆಮೇಲೆ ಕೊಟ್ಟರೆ ಪ್ರಮಾಣ ಹೆಚ್ಚಾಗಿ ವರ್ಷಗಳ ನಂತರ ಕೈ ಬಿಗಿಯುವುದು, ಊದುವುದು ಹೆಚ್ಚು. ನಿಮ್ಮ ತಂಗಿಯ ಗಂಡನ ಮಟ್ಟಿಗೆ ಯಾವುದೆಂಬುದನ್ನು ಶಸ್ತ್ರಚಿಕಿತ್ಸಕರೂ ರೇಡಿಯೇಶನ್ ವೈದ್ಯರೂ ಒಟ್ಟಿಗೆ ಕೂತು ತೀರ್ಮಾನಿಸಬೇಕು. ಅಂಥ ಕೂಟ ನಡೆಯುವ ಆಸ್ಪತ್ರೆಯನ್ನೇ ಆರಿಸಿ.

ಮಗಳಿಗೆ ಹದಿನಾರು. ಆಸ್ಟಿಯೋಸಾರ್ಕೋಮಾ. ಕಾಲು ತೆಗೆಯಲೇಬೇಕೆ? ಬದುಕುತ್ತಾಳೆಯೆ?
— ಓದುಗರು, ಕಾತ್ರಜ್, ಪುಣೆ

ಅನುಭವವಿರುವ ಕೇಂದ್ರಗಳಲ್ಲಿ ಹತ್ತು ಮಕ್ಕಳಲ್ಲಿ ಎಂಟು ಒಂಬತ್ತು ಜನರ ಕಾಲು ಉಳಿಸಲಾಗುತ್ತಿದೆ. ರೋಗ ಒಂದೇ ಜಾಗದಲ್ಲಿದ್ದು ಚಿಕಿತ್ಸೆ ಪೂರ್ತಿಯಾದರೆ ಐದು ವರ್ಷ ದಾಟುವವರು ನೂರಕ್ಕೆ 60ರಿಂದ 70. ಕೀಮೋ ಇಲ್ಲದ ಕಾಲದಲ್ಲಿ ಕಾಲು ತೆಗೆದರೂ ಇಪ್ಪತ್ತರ ಆಸುಪಾಸು ಇತ್ತು. ಶ್ವಾಸಕೋಶಕ್ಕೆ ಹೋಗಿದ್ದರೆ ಅವಕಾಶ ಕಡಿಮೆ, ನೂರಕ್ಕೆ 20ರಿಂದ 30. ಆದರೂ ಚುಕ್ಕೆಗಳನ್ನು ತೆಗೆಯಲು ಬರುವಂತಿದ್ದರೆ ಗುಣವಾಗುವವರಿದ್ದಾರೆ.

ಕ್ರಮ ಹೀಗೆ: ಮೊದಲು ಎರಡು ಮೂರು ತಿಂಗಳು ಕೀಮೋ, ಆಮೇಲೆ ಶಸ್ತ್ರಚಿಕಿತ್ಸೆ, ಮತ್ತೆ ಕೀಮೋ. ಒಟ್ಟು ಏಳರಿಂದ ಒಂಬತ್ತು ತಿಂಗಳು. ಮುಖ್ಯ ಔಷಧಿಗಳು ಡಾಕ್ಸೋರುಬಿಸಿನ್, ಸಿಸ್‌ಪ್ಲಾಟಿನ್. ಜತೆಗೆ ಹೆಚ್ಚಿನ ಪ್ರಮಾಣದ ಮೆಥೋಟ್ರೆಕ್ಸೇಟ್ ಅಥವಾ ಐಫೋಸ್ಫಮೈಡ್. ಮೆಥೋಟ್ರೆಕ್ಸೇಟನ್ನು ಹಾಗೆ ಕೊಡಲು ರಕ್ತದಲ್ಲಿ ಅದರ ಮಟ್ಟವನ್ನು ಪದೇ ಪದೇ ಅಳೆಯಬೇಕು. ಅದಿಲ್ಲದೆಯೂ ನಡೆಯುವ ‘ಒಜಿಎಸ್‌-12’ ಎಂಬ ಕ್ರಮವನ್ನು ಟಾಟಾ ಸ್ಮಾರಕ ಆಸ್ಪತ್ರೆಯೇ ರೂಪಿಸಿ ಬಳಸುತ್ತಿದೆ. ತೆಗೆದ ಮೂಳೆಯಲ್ಲಿ ಗಡ್ಡೆಯ ಶೇ 90 ಅಥವಾ ಹೆಚ್ಚು ಸತ್ತಿದ್ದರೆ ಔಷಧಿ ಚೆನ್ನಾಗಿ ಹಿಡಿದಿದೆ ಎಂದರ್ಥ. ಆ ಸಂಖ್ಯೆಯನ್ನು ವರದಿಯಲ್ಲಿ ನೋಡಿ ಕೇಳಿ.

ತೆಗೆದ ಮೂಳೆಯ ಜಾಗಕ್ಕೆ ಲೋಹದ ಮೂಳೆ, ಕೀಲು ಹಾಕುತ್ತಾರೆ. ದೇಶದಲ್ಲೇ ತಯಾರಾದವು ಆಮದಿನವಕ್ಕಿಂತ ಎಷ್ಟೋ ಅಗ್ಗ. ಕೆಲವರಲ್ಲಿ ಅದೇ ಮೂಳೆಯನ್ನು ಹೊರತೆಗೆದು, ಒಂದೇ ಸಲಕ್ಕೆ ಸುಮಾರು 50 ಗ್ರೇ ರೇಡಿಯೇಶನ್ ಕೊಟ್ಟು ಗಡ್ಡೆಯನ್ನು ಕೊಂದು, ಮತ್ತೆ ಅದೇ ಜಾಗದಲ್ಲಿ ಪ್ಲೇಟು ಹಾಕಿ ಕೂರಿಸುತ್ತಾರೆ. ದೊಡ್ಡ ರಕ್ತನಾಳ, ನರಗಳನ್ನು ಗಡ್ಡೆ ಸುತ್ತಿಕೊಂಡಿದ್ದರೆ, ಸೋಂಕು ಅಥವಾ ಹುಣ್ಣಾಗಿದ್ದರೆ, ಬಯಾಪ್ಸಿ ತಪ್ಪು ಜಾಗದಲ್ಲಾಗಿದ್ದರೆ ಕಾಲು ತೆಗೆಯುವುದೇ ಸುರಕ್ಷಿತ. ಹಾಗೆ ಹೇಳಿದರೆ ಬೇರೆ ಕಡೆ ಒಮ್ಮೆ ಕೇಳಿ, ಆದರೆ ತಿಂಗಳುಗಟ್ಟಲೆ ಅಲೆಯಬೇಡಿ. ಕೃತಕ ಕಾಲಿನಲ್ಲಿ ಕಾಲೇಜಿಗೂ ಕೆಲಸಕ್ಕೂ ಹೋಗುವ ಮಕ್ಕಳು ಬೇಕಾದಷ್ಟಿದ್ದಾರೆ.

ಕೀಮೋಗೆ ಮುಂಚೆ ಹೃದಯದ 2ಡಿ ಎಕೋ, ಕಿವಿಯ ಪರೀಕ್ಷೆ ಆಗಲಿ. ಮುಂದೆ ಮಕ್ಕಳಾಗುವ ಶಕ್ತಿ ಉಳಿಸಿಕೊಳ್ಳುವ ಬಗ್ಗೆ ಸಂಕೋಚ ಬಿಟ್ಟು ಮೊದಲೇ ಕೇಳಿ. ಹುಡುಗರಾದರೆ ವೀರ್ಯ ಶೇಖರಿಸಿಡುವುದು ಸುಲಭ. ಕೀಮೋ ನಡೆಯುವಾಗ ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಕಾಯುವಂತಿಲ್ಲ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಬಿಳಿ ರಕ್ತಕಣ ಕುಸಿದಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ. ಮೂರನೆಯ ಸುತ್ತಿನ ಹೊತ್ತಿಗೆ ನೋವು, ಊತ ಇಳಿದು ‘ಗುಣವಾಯಿತು’ ಎಂದು ಊರಿಗೆ ಹೊರಟುಹೋಗುವವರಿದ್ದಾರೆ. ಹಾಗೆ ಮಾಡಬೇಡಿ. ಮರಳಿ ಬಂದ ರೋಗಕ್ಕೆ ಅದೇ ಔಷಧಿ ಮೊದಲಿನಂತೆ ಕೆಲಸ ಮಾಡುವುದಿಲ್ಲ.

ನಮ್ಮ ರೇಷನ್ ಕಾರ್ಡ್ ಕರ್ನಾಟಕದ್ದು, ಇರುವುದು ಇಲ್ಲಿ. ಖರ್ಚಿಗೆ ದಾರಿ?
— ಓದುಗರು, ಮಡಗಾಂವ್. ಇದೇ ಪ್ರಶ್ನೆ ಮೀರಾ ರೋಡ್‌ನಿಂದಲೂ ಬಂದಿದೆ

ಆಯುಷ್ಮಾನ್ ಭಾರತ್ ಯೋಜನೆಗೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ, ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ಆದರೆ ರಾಜ್ಯ ಸರಕಾರ ತನ್ನ ಹಣದಿಂದ ಸೇರಿಸಿಕೊಂಡ ಕುಟುಂಬಗಳಿಗೆ ಹೊರರಾಜ್ಯದಲ್ಲಿ ಅದೇ ಸೌಲಭ್ಯ ಸಿಗದೇ ಹೋಗಬಹುದು. ಕಾರ್ಡು ತೋರಿಸಿ ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಮೊದಲೇ ಕೇಳಿ. ಮಹಾರಾಷ್ಟ್ರದಲ್ಲಿ ಅಲ್ಲಿ ಕೂರುವವರನ್ನು ಆರೋಗ್ಯಮಿತ್ರ ಎನ್ನುತ್ತಾರೆ. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಗೆ ಮಹಾರಾಷ್ಟ್ರದ ರೇಷನ್ ಕಾರ್ಡ್ ಅಥವಾ ವಾಸದ ದಾಖಲೆ ಬೇಕು. ಗೋವಾದ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ ಅಲ್ಲಿ ಐದು ವರ್ಷ ನೆಲೆಸಿದವರಿಗೆ. ಯಾವುದಾದರೂ ಸರಿ, ಮಂಜೂರಾತಿ ಚಿಕಿತ್ಸೆ ಶುರುವಾಗುವ ಮುಂಚೆ ಆಗಬೇಕು. ಮೊದಲು ಹಣ ಕಟ್ಟಿ ಆಮೇಲೆ ಕೇಳಿದರೆ ಹೆಚ್ಚಾಗಿ ಸಿಗುವುದಿಲ್ಲ.

ಪರೇಲಿಗೆ ಬರುವ ಮಕ್ಕಳ ಕುಟುಂಬಗಳಿಗೆ ಸೇಂಟ್ ಜೂಡ್ ಕೇಂದ್ರಗಳಲ್ಲಿ ಉಚಿತ ವಸತಿಯಿದೆ, ಆಸ್ಪತ್ರೆಯ ಸಮಾಜ ಸೇವಾ ವಿಭಾಗದ ಚೀಟಿ ಬೇಕು. ದೊಡ್ಡವರಿಗೆ ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆ. ರೈಲಿನಲ್ಲಿ ರೋಗಿಗೂ ಜತೆಗಾರರೊಬ್ಬರಿಗೂ ರಿಯಾಯಿತಿ ಇದೆ, ನಿಗದಿತ ನಮೂನೆಯಲ್ಲಿ ವೈದ್ಯರ ಸಹಿ ಮಾಡಿಸಿಕೊಳ್ಳಿ. ಪ್ರತಿ ಸುತ್ತಿಗೂ ಮುಂಬಯಿಗೆ ಬರಲೇಬೇಕೆಂದಿಲ್ಲ. 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನಲ್ಲಿ ದೇಶದ ನೂರಾರು ಆಸ್ಪತ್ರೆಗಳಿವೆ. ಯೋಜನೆ, ಬಯಾಪ್ಸಿ, ಶಸ್ತ್ರಚಿಕಿತ್ಸೆ ದೊಡ್ಡ ಕೇಂದ್ರದಲ್ಲಿ ಮಾಡಿಸಿಕೊಂಡು ಕೀಮೋವನ್ನು ಅವರ ಬರಹದ ಪ್ರಕಾರ ಮನೆಗೆ ಹತ್ತಿರದಲ್ಲಿ ತೆಗೆದುಕೊಳ್ಳಲು ಬರುತ್ತದೆಯೇ ಎಂದು ಕೇಳಿ.

ಇದು ವಂಶದಲ್ಲಿ ಬರುತ್ತದೆಯೆ? ಚಿಕಿತ್ಸೆ ಮುಗಿದ ಮೇಲೆ ಎಷ್ಟು ದಿನ ತೋರಿಸಬೇಕು?
— ಓದುಗರು, ವಸಾಯಿ

ಹೆಚ್ಚಿನವರಲ್ಲಿ ವಂಶದ ಕಾರಣ ಇಲ್ಲ, ಅಂಟುರೋಗವಂತೂ ಅಲ್ಲ. ಎಳೆತನದಲ್ಲಿ ಕಣ್ಣಿನ ರೆಟಿನೋಬ್ಲಾಸ್ಟೋಮಾ ಆಗಿದ್ದವರು, ಮೈತುಂಬ ನರದ ಗಂಟು, ಕಾಫಿ ಬಣ್ಣದ ಮಚ್ಚೆ ಇರುವವರು, ಒಂದೇ ಮನೆಯಲ್ಲಿ ಹಲವರಿಗೆ ಚಿಕ್ಕ ವಯಸ್ಸಿನಲ್ಲೇ ಬೇರೆ ಬೇರೆ ಕ್ಯಾನ್ಸರ್ ಬಂದಿರುವವರು ಜೆನೆಟಿಕ್ ಸಲಹೆ ಪಡೆಯಬೇಕು. ಹಿಂದೆ ರೇಡಿಯೇಶನ್ ತೆಗೆದುಕೊಂಡ ಜಾಗದಲ್ಲಿ ವರ್ಷಗಳ ನಂತರ ಬರುವುದೂ ಉಂಟು.

ಉಗ್ರ ಬಗೆಯಾದರೆ ಮೊದಲ ಎರಡು ಮೂರು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ, ಐದನೆಯ ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಪ್ರತಿ ಸಲವೂ ಹಳೆಯ ಜಾಗವನ್ನು ಕೈಯಿಂದ ಮುಟ್ಟಿ ನೋಡಬೇಕು, ಎದೆಯ ಎಕ್ಸ್‌-ರೇ ಅಥವಾ ಸಿಟಿ ಆಗಬೇಕು. ಶ್ವಾಸಕೋಶದ ಚುಕ್ಕೆ ಸಣ್ಣದಿರುವಾಗ ಕೆಮ್ಮೂ ಇರುವುದಿಲ್ಲ, ಆಗಲೇ ಸಿಕ್ಕರೆ ತೆಗೆಯಬಹುದು. ಲೋಹದ ಕೀಲು ಇರುವವರು ಅಲ್ಲಿ ಕೆಂಪು, ಬಿಸಿ, ಹೊಸ ನೋವು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಹೋಗಬೇಕು. ಹಳೆಯ ಫಿಲ್ಮು, ಸಿಡಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ ಒಂದೇ ಚೀಲದಲ್ಲಿಡಿ, ಪ್ರತಿ ಭೇಟಿಗೂ ಆ ಚೀಲ ಜತೆಗಿರಲಿ.